ಮೂರು ಭಾನುವಾರದ ಪ್ರಕಟಣೆ

ಪೂಜ್ಯ ಚಿನ್ನಪ್ಪಸ್ವಾಮಿಗಳು ಕರಿಕಲ್ಲುಪಾಳ್ಯದ ಚರ್ಚಿನಲ್ಲಿ ಹದಿನಾರು ವರ್ಷ ಸಹಾಯಕ ಗುರುಗಳಾಗಿಯೇ ಉಳಿದರು. ಗಂಟೆಗೋಪುರದ ಬುಡದಲ್ಲಿ ಒಂದು ಕೋಣೆ, ಒಂದು ಹಗ್ಗದ ಮಂಚ, ಬೆಳಿಗ್ಗೆ ರಾಗಿ ಗಂಜಿ. ನಿಲುವಂಗಿ ಹರಿದರೆ ತಾವೇ ಹೊಲಿದುಕೊಳ್ಳುತ್ತಿದ್ದರು. ಆ ಹೊಲಿಗೆ ಕಂಡು ನಗುತ್ತಿದ್ದವನು ದರ್ಜಿ ಇನ್ನಾಸಪ್ಪನೊಬ್ಬನೇ.

ಇನ್ನಾಸಪ್ಪನಿಗೆ ಗುರುಗಳೆಂದರೆ ಆಗುತ್ತಿರಲಿಲ್ಲ. ಕಾರಣವಿತ್ತು. ಮುಖ್ಯಗುರು ಲೂರ್ದುನಾಥರು ಸಮಾಧಿ ತೋಟದ ನಡುವೆ ಗೋಡೆ ಕಟ್ಟಿಸಿ, ಕೇರಿಯವರ ಹೆಣಗಳನ್ನು ಆಚೆಗೆ ತಳ್ಳಿದ್ದರು. ಇನ್ನಾಸಪ್ಪನ ತಾಯಿಯನ್ನು ಮಣ್ಣು ಮಾಡಿದ್ದು ಆ ಗೋಡೆಯಾಚೆ. ಅಂದಿನಿಂದ ಅವನು ಮೇಲಿನವರಿಗೆ ಮೂಗರ್ಜಿ ಬರೆಯುತ್ತಲೇ ಇದ್ದ. ಒಂದರಿಂದಲೂ ಏನೂ ಆಗಲಿಲ್ಲ.

ಒಂದು ಶನಿವಾರ ಮೇಲಿನವರಿಂದ ಅವನಿಗೇ ಒಂದು ಪತ್ರ ಬಂತು. ಧರ್ಮಪ್ರಾಂತ್ಯಕ್ಕೆ ಹೊಸ ಬಿಷಪ್ ಬೇಕು, ಲೂರ್ದುನಾಥರ ಹೆಸರು ಮುಂದಿದೆ, ಅವರ ನಡತೆ ಎಂಥದೆಂದು ಬರೆದು ಕಳಿಸಿ, ಯಾರಿಗೂ ಹೇಳಬೇಡಿ, ಅವರಿಗಂತೂ ಹೇಳಲೇಬೇಡಿ. ಕೇರಿಯವನೊಬ್ಬನನ್ನೂ ಕೇಳಿದೆವೆಂದು ತೋರಿಸಲು ಯಾರೋ ಅವನ ಹೆಸರು ಕೊಟ್ಟಿದ್ದರು. ಸಾವಿರಾರು ಜನರನ್ನು ಕುರುಬನಂತೆ ಕಾಯಬೇಕಾದವರನ್ನು ಹೀಗೆ ಅಂಟಿಸಿದ ಲಕೋಟೆಯೊಳಗೆ ಆರಿಸುತ್ತಾರೆ. ಜನರಿಗೆ ಗೊತ್ತಾಗುವುದು ಹೊಸ ಬಿಷಪ್ಪರ ಕೈಯುಂಗುರಕ್ಕೆ ಮುತ್ತಿಡುವ ದಿನವೇ.

ಇನ್ನಾಸಪ್ಪ ಗೋಡೆಯ ಸಂಗತಿ ಬರೆದ. ಅಷ್ಟು ಸಾಲದೆನಿಸಿತು. ಗೋಡೆ ಕಟ್ಟುವುದನ್ನು ಮೇಲಿನವರು ತಪ್ಪೆಂದು ಎಣಿಸುವವರಲ್ಲ. ಅದರ ಕೆಳಗೆ, ಶಾಲೆಯ ಟೀಚರಮ್ಮನೊಬ್ಬಳ ಜೊತೆ ಲೂರ್ದುನಾಥರ ಹೆಸರು ಸೇರಿಸಿ ಒಂದು ಸುಳ್ಳು ಬರೆದ. ಅದಕ್ಕೆ ಇನ್ನೊಂದು ಸಾಕ್ಷಿ ಬೇಕು. ಇದೇ ಪತ್ರ ಚಿನ್ನಪ್ಪಸ್ವಾಮಿಗಳಿಗೂ ಬಂದಿರುತ್ತದೆಂದು ಊಹಿಸಿ ಅವರ ಕೋಣೆಗೆ ಹೋದ.

ಸ್ವಾಮಿಗಳು ಅವನು ಬರೆದದ್ದನ್ನು ಪೂರ್ತಿ ಓದಿದರು. ಟೀಚರಮ್ಮನ ಹೆಸರಿನ ಮೇಲೆ ಬೆರಳಿಟ್ಟು, “ಇದು ನಿಜವೇನಪ್ಪಾ?” ಎಂದು ಕೇಳಿದರು.

“ಯಾರಿಗೆ ಗೊತ್ತಾಗುತ್ತೆ ಬಿಡಿ ಸ್ವಾಮಿ. ಅವರು ಗುಟ್ಟಾಗಿ ಕೇಳಿದ್ರು, ನಾನು ಗುಟ್ಟಾಗಿ ಹೇಳ್ದೆ.”

ಸ್ವಾಮಿಗಳು ಕಾಗದವನ್ನು ಮಡಿಸಿ ಅವನ ಕೈಗೇ ಕೊಟ್ಟರು. ಆಮೇಲೆ, ನಾಳೆ ಎರಡನೇ ಪೂಜೆಗೆ ಈ ಕಾಗದ ಹಿಡಿದುಕೊಂಡು ಬಾ ಎಂದಷ್ಟೇ ಹೇಳಿ ಕಳಿಸಿದರು.

ಭಾನುವಾರ ಪೂಜೆಯ ಕೊನೆಗೆ ಸ್ವಾಮಿಗಳು ಎಂದಿನಂತೆ ಮದುವೆಯ ಪ್ರಕಟಣೆ ಓದಿದರು. ಗಾರೆ ಕೆಲಸದ ಚೌರಪ್ಪನ ಮಗನಿಗೆ ಮದುವೆ ಗೊತ್ತಾಗಿದೆ, ಇದು ಎರಡನೇ ಸಲದ ಪ್ರಕಟಣೆ, ಅಡ್ಡಿ ಗೊತ್ತಿದ್ದವರು ತಿಳಿಸತಕ್ಕದ್ದು. ಜನ ಏಳತೊಡಗಿದರು. ಸ್ವಾಮಿಗಳು ಕೈಯೆತ್ತಿ ತಡೆದರು.

“ಒಂದು ಹೆಣ್ಣಿಗೆ ಗಂಡನಾಗುವವನ ಬಗ್ಗೆ ಮೂರು ಭಾನುವಾರ ಕೂಗಿ ಕೇಳುತ್ತೇವೆ. ಇಡೀ ಸಭೆಗಾಗಿ ಉಂಗುರ ತೊಡುವವರ ಬಗ್ಗೆ ಒಮ್ಮೆಯೂ ಕೇಳುವುದಿಲ್ಲ. ಫಾದರ್ ಲೂರ್ದುನಾಥರನ್ನು ಬಿಷಪ್ಪರನ್ನಾಗಿ ಮಾಡುವ ಯೋಚನೆಯಿದೆ. ಅಡ್ಡಿ ಗೊತ್ತಿದ್ದವರು ಅವರೆದುರೇ ತಿಳಿಸತಕ್ಕದ್ದು. ಇದು ಒಂದನೇ ಸಲ.”

ಬಲಿಪೀಠದ ಪಕ್ಕದಲ್ಲಿದ್ದ ಲೂರ್ದುನಾಥರ ಮುಖ ಬಿಳಿಚಿಕೊಂಡಿತು. ಇದು ಗುಟ್ಟಿನ ವಿಷಯ ಎಂದು ಹಲ್ಲು ಕಚ್ಚಿ ನುಡಿದರು.

“ಪಾಪನಿವೇದನೆಯ ಗುಟ್ಟು ನನ್ನ ಜೊತೆ ಗೋರಿಗೆ ಬರುತ್ತದೆ,” ಎಂದರು ಸ್ವಾಮಿಗಳು. “ಇದು ಪಾಪನಿವೇದನೆಯಲ್ಲ.”

ಹೆಂಗಸರ ಸಾಲಿನಲ್ಲಿ ಆ ಟೀಚರಮ್ಮ ಎಲ್ಲರ ಹಾಗೆ ಕತ್ತು ತಿರುಗಿಸಿ ಯಾರು ಏಳುತ್ತಾರೆಂದು ನೋಡುತ್ತಿದ್ದಳು. ಇನ್ನಾಸಪ್ಪ ಕಾಗದ ಹಿಡಿದು ಎದ್ದ.

“ನಾನು ಕೇರಿ ಇನ್ನಾಸಪ್ಪ.”

ಅಷ್ಟು ವರ್ಷಗಳ ದೂರಿನಲ್ಲಿ ಅವನು ತನ್ನ ಹೆಸರು ಹೇಳಿದ್ದು ಅದೇ ಮೊದಲು. ಗೋಡೆಯ ಸಂಗತಿ ಹೇಳಿದ. ತಾಯಿಯ ಸಂಗತಿ ಹೇಳಿದ. ಹಿಂದಿನಿಂದ ಕೇರಿಯ ಮುದುಕಿಯೊಬ್ಬಳು ಎದ್ದು ನಿಂತಳು. ಮತ್ತೆ ನಾಲ್ವರು ಎದ್ದರು.

“ಇನ್ನೇನಾದರೂ ಇದೆಯೋ?” ಎಂದು ಲೂರ್ದುನಾಥರು ಕೇಳಿದರು.

“ಇನ್ನೊಂದು ಬರೆದಿದ್ದೆ ಸ್ವಾಮಿ. ಅದು ಸುಳ್ಳು.” ಇನ್ನಾಸಪ್ಪ ಆ ಸಾಲುಗಳಿದ್ದ ಭಾಗವನ್ನು ಎಲ್ಲರೆದುರೇ ಚೂರುಚೂರು ಮಾಡಿದ.

ಬುಧವಾರವೇ ಚಿನ್ನಪ್ಪಸ್ವಾಮಿಗಳಿಗೆ ವರ್ಗವಾಯಿತು. ಹಗ್ಗದ ಮಂಚ ಬಿಟ್ಟು, ಬೈಬಲ್ಲನ್ನೂ ಸೂಜಿದಾರವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು.

ಮುಂದಿನ ಭಾನುವಾರ ಹೊಸ ಗುರುಗಳು ಚೌರಪ್ಪನ ಮಗನ ಪ್ರಕಟಣೆಯನ್ನು ಮೂರನೇ ಸಲ ಓದಿ, ಬೇಗ ಬೇಗ ಪುಸ್ತಕ ಮುಚ್ಚಿದರು. ಇನ್ನಾಸಪ್ಪ ಎದ್ದು ನಿಂತ.

“ಇನ್ನೊಂದು ಪ್ರಕಟಣೆ ಉಳಿದಿದೆ ಸ್ವಾಮಿ,” ಎಂದ. “ಎರಡನೇ ಸಲ.”