ಹುಣಸೆಹುಳಿ ಮುಟ್ಟಬಾರದ ನಲ್ಲಿ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಅಡವಯ್ಯಜ್ಜ ಗುರು, ಈರಸಂಗಯ್ಯ ಶಿಷ್ಯ.

ಈರಸಂಗಯ್ಯನಿಗೆ ಶಾಸ್ತ್ರಕ್ಕಿಂತ ಹಿತ್ತಾಳೆ ಉಜ್ಜುವುದು ಚೆನ್ನಾಗಿ ಬರುತ್ತಿತ್ತು. ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು, ಇಷ್ಟಿದ್ದರೆ ಸಾಕು. ಹನ್ನೊಂದು ವರ್ಷದಿಂದ ಆಶ್ರಮದ ನಲ್ಲಿಗಳೆಲ್ಲ ಅವನ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದವು. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು, ಆಶ್ರಮವಾಸಿಗೆ ಇರಬೇಕಾದ್ದಕ್ಕಿಂತ ತುಸು ಹೆಚ್ಚೇ.

ಒಂದು ದಿನ ಗುರುಸಿದ್ಧವ್ವ ಎಂಬ ಹೆಂಗಸು ಸೆರಗಿನಲ್ಲಿ ಸುತ್ತಿಕೊಂಡು ಒಂದು ಹೊಸ ನಲ್ಲಿ ತಂದಳು. ಬಂಗಾರದ ಬಣ್ಣದ್ದು.

"ಹೊಸ ಮನಿಗಂತ ನನ್ನ ಮಗಳು ಶಶಿಕಲಾ ಆರಿಸಿದ್ದು ಇದು," ಅಂದಳು. "ಬೆಳ್ಳಿ ಬಣ್ಣದ್ದು ಬ್ಯಾಡ, ಕರೀದು ಬ್ಯಾಡ, ಇದ ಬೇಕಂತ ಅಂಗಡ್ಯಾಗ ಅರ್ಧಾ ದಿನ ನಿಂತಿದ್ಲು. ಮನಿ ಮುಗಿಯೂದ್ರಾಗ ಜ್ವರ ಬಂದು ಹೋಗಿಬಿಟ್ಲು. ಮನ್ಯಾಗ ಇದನ್ನ ನೋಡಾಕ ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ಇಲ್ಲಿ ನಾಕು ಮಂದಿ ನೀರು ಕುಡೀಲಿ."

ಅಜ್ಜ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು. ಕುಡಿಯುವ ನೀರಿನ ತೊಟ್ಟಿಗೆ ಹಾಕಿಸಿದರು.

ಹೊರಡುವಾಗ ಅವಳು ಈರಸಂಗಯ್ಯನ ಹತ್ತಿರ ನಿಂತಳು. "ಇದಕ್ಕ ಹುಳಿ, ಬೂದಿ ಹಚ್ಚಬಾರದಂತ್ರಿ. ಮೆತ್ತನ್ನ ಅರಿವಿಲೆ ಒರಸಿದ್ರ ಸಾಕಂತ. ಅಂಗಡಿಯಾಂವ ಹೇಳಿದ್ದನ್ನ ನನ್ನ ಮಗಳು ಎರಡೆರಡು ಸಲ ಹೇಳಿದ್ಲು."

ಈರಸಂಗಯ್ಯ ನಕ್ಕುಬಿಟ್ಟ. "ತಾಯಿ, ನಳ ಉಜ್ಜೂದು ನನಗ ಕಲಸ್ತೀರೇನು?"

ಆಮೇಲೆ ಅವಳು ಪ್ರತಿ ಸೋಮವಾರ ಬರುತ್ತಿದ್ದಳು. ತೊಟ್ಟಿಯ ಹತ್ತಿರ ಕೂತು ಅಳುತ್ತಿದ್ದಳು.

ಈರಸಂಗಯ್ಯ ಸುಮ್ಮನಿರುವವನಲ್ಲ. "ದೇಹ ನಮ್ಮದಲ್ಲ ತಾಯಿ. ಅಳೂದು ಅಜ್ಞಾನ. ಮನಸ್ಸು ತಿಳಿ ಮಾಡ್ಕೋರಿ," ಎಂದು ವಾರವಾರವೂ ಹೇಳಿದ. ಅವಳು ತಲೆಯಾಡಿಸಿ, ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು.

ಒಂದು ಬೆಳಗ್ಗೆ ಅವನು ಅಜ್ಜನ ಮುಂದೆ ಬಂದು ನಿಂತ.

"ಅಜ್ಜಾರ, ನಳದ ಬಂಗಾರ ಹೋತು. ದಿನಾ ಉಜ್ಜಿದೆ. ಮಸುಕಾದಂಗೆಲ್ಲಾ ಇನ್ನೂ ಜೋರಾಗಿ ಉಜ್ಜಿದೆ. ಈಗ ಒಳಗಿನ ಬಿಳೀ ಲೋಹ ಕಾಣಾಕತ್ತೈತಿ."

"ಯಾತರಿಂದ ಉಜ್ಜಿದಿ?"

"ಹುಣಸಿಹಣ್ಣು, ಬೂದಿ."

"ಗುರುಸಿದ್ಧವ್ವನ್ನ?"

ಈರಸಂಗಯ್ಯನಿಗೆ ಅರ್ಥವಾಗಲಿಲ್ಲ.

"ಆಕಿನ್ನ ಯಾತರಿಂದ ಉಜ್ಜಿದಿ?" ಅಜ್ಜ ಕೇಳಿದರು. "ನಾಕು ಸೋಮವಾರ ಆತು, ಆಕಿ ಬಂದಿಲ್ಲ."

ಅವಳು ಬಾರದ್ದನ್ನು ಈರಸಂಗಯ್ಯನೂ ಗಮನಿಸಿದ್ದ. ತನ್ನ ಉಪದೇಶ ನಾಟಿತು, ಅವಳ ದುಃಖ ತೀರಿತು ಎಂದುಕೊಂಡು ಒಳಗೊಳಗೇ ಹಿಗ್ಗಿದ್ದ. ಈಗ ನಾಚಿಕೆಯಿಂದ ಮೈ ಹಿಡಿಯಾಯಿತು.

"ಪ್ಯಾಟಿಗೆ ಒಯ್ದು ಮತ್ತ ಬಂಗಾರದ ಬಣ್ಣ ಹಾಕಿಸ್ಲೇನ್ರಿ? ಆಕಿಗೆ ಗೊತ್ತಾಗೂದಿಲ್ಲ."

"ಅದು ನೀ ಹಾಕಿಸಿದ ಬಣ್ಣ ಆಗತೈತಿ. ಆ ಹುಡುಗಿ ಆರಿಸಿದ್ದು ಆಗೂದಿಲ್ಲ. ಹೋಗು, ಹೋಗಿ ಇದ್ದದ್ದು ಹೇಳಿ ಬಾ."

ಅವನು ಹೋದ. ಬಿಸಿಲಲ್ಲಿ ಮೂರು ಹರದಾರಿ ನಡೆದು ಅವಳ ಮನೆ ಬಾಗಿಲಲ್ಲಿ ನಿಂತ.

"ತಾಯಿ, ನೀವು ಹೇಳಿದ್ದನ್ನ ಕೇಳಲಿಲ್ಲ ನಾ. ಶಶಿಕಲಾನ ನಳ ಹಾಳು ಮಾಡಿದೆ."

ಅವಳು ಬೈಯಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಅವನ ಹಿಂದೆಯೇ ಹೊರಟಳು.

ತೊಟ್ಟಿಯ ಹತ್ತಿರ ಅವಳು ಬಾಗಿ ನಲ್ಲಿಯ ಮೈಯನ್ನೆಲ್ಲ ಬೆರಳಿನಿಂದ ಸವರಿ ನೋಡಿದಳು. ಗೋಡೆಗೆ ಅಂಟಿದ ಕಡೆ, ನಾರು ಹೋಗದ ಸಂದಿಯಲ್ಲಿ, ಉಗುರಿನಷ್ಟು ಬಂಗಾರ ಉಳಿದಿತ್ತು. ಬೆರಳು ಅಲ್ಲೇ ನಿಂತಿತು.

"ಮನ್ಯಾಗ ಇದನ್ನ ಹಾಕಿದ ದಿನ ಮೊದಲ ನೀರು ತಾನ ಕುಡೀತೀನಂದಿದ್ಲು," ಅಂದಳು. "ನನಗೂ ಕೊಡಬಾರದಂತ, ಅವರಪ್ಪಗೂ ಕೊಡಬಾರದಂತ."

ಅಷ್ಟು ಹೇಳಿ ಅವಳು ಅಲ್ಲೇ ಕುಸಿದು ಕೂತಳು. ಗಂಟಲು ಹರಿಯುವ ಹಾಗೆ ಮಗಳ ಹೆಸರು ಕೂಗಿ ಅತ್ತಳು.

ಈರಸಂಗಯ್ಯನ ಬಾಯಿಗೆ ಮಾತೊಂದು ಬಂತು, ಹನ್ನೊಂದು ವರ್ಷ ಕಲಿತ ಮಾತು. ಅವನು ಅದನ್ನು ನುಂಗಿಕೊಂಡ. ಅವನಿಗೂ ಅಳು ತಡೆಯಲಾಗಲಿಲ್ಲ.

ಅಜ್ಜ ಕೋಲೂರಿಕೊಂಡು ಬಂದರು.

ಅವಳು ತಲೆಯೆತ್ತಿದಳು. "ಅಜ್ಜಾರ, ಇದು ಮತ್ತ ಮೊದಲಿನಂಗ ಆಗತೈತೇನ್ರಿ?"

ಅಜ್ಜ ಕೋಲು ಬದಿಗಿಟ್ಟು, ಒದ್ದೆಯಾದ ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತರು.

"ಇಲ್ಲವ್ವ, ಆಗೂದಿಲ್ಲ. ನೀ ಅಳು, ನಾವು ಇಲ್ಲೇ ಕುಂತಿರತೀವಿ."