ಹನ್ನೆರಡು ಹೆಜ್ಜೆ

“ಹೆಸರು ಸೈತ ಗೊತ್ತಿಲ್ಲದ ಸತ್ತವರ ದಿಬ್ಬಾನ ನಾವ್ಯಾಕ ಕಾಯಬೇಕ್ರಿ, ಅಜ್ಜಾರ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮರುಳಯ್ಯ. ಮಠವಿದ್ದ ಊರಿನವನೇ, ತಾಯಿ ತೀರಿದ ಮೇಲೆ ಮಠ ಸೇರಿದವನು. ಮಠದ ಪೌಳಿಗೋಡೆಗೆ ಕಲ್ಲು ಸಾಲದಾಗಿತ್ತು. ಊರಾಚೆಯ ಮೋರ್ಯರ ದಿಬ್ಬದಲ್ಲಿ ಬೇಕಾದಷ್ಟಿತ್ತು. ಯಾವ ಕಾಲದವರೋ ತಮ್ಮವರನ್ನು ಹೂತು, ಮಣ್ಣು ಪೇರಿಸಿ, ಸುತ್ತ ಗುಂಡುಕಲ್ಲುಗಳನ್ನು ನಿಲ್ಲಿಸಿ ಹೋದ ದಿಬ್ಬ ಅದು. ನಾಳೆ ಗಾಡಿ ಕಟ್ಟಿರೆಂದು ಅವನು ಆಳುಗಳಿಗೆ ಹೇಳಿಯೂ ಆಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತನ ಹೊಲದಲ್ಲಿ ಇಂಥದೇ ದಿಬ್ಬವಿತ್ತು. ಈ ಸೀಮೆಯವರಂತೆ ಅವನ ಮನೆತನದವರೂ ಸತ್ತವರ ಮೇಲೆ ಕಲ್ಲು ನೆಡುತ್ತಿರಲಿಲ್ಲ. ದಿಬ್ಬದಿಂದ ಹೆಜ್ಜೆ ಎಣಿಸಿ ಮಣ್ಣು ಮಾಡಿ, ಆ ಎಣಿಕೆಯನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಮೂರು ಮಳೆಗಾಲ ಕಳೆದರೆ ನೆಲ ಸಮನಾಗಿ ಮೇಲೆ ಜೋಳ ಬೆಳೆಯುತ್ತಿತ್ತು.

ರೈತನ ಒಬ್ಬಳೇ ಮಗಳು ಐದನೆಯ ವರ್ಷದಲ್ಲಿ ಜ್ವರ ಬಂದು ತೀರಿಕೊಂಡಳು. ದಿಬ್ಬದ ಮೂಡಣ ಗುಂಡಿನಿಂದ ಹನ್ನೆರಡು ಹೆಜ್ಜೆ ಎಣಿಸಿ, ಅವನೇ ಮಲಗಿಸಿ ಬಂದ. ಹಿರಿಯರ ಅಮಾವಾಸ್ಯೆಗೆ ಹೆಂಡತಿ ಅಲ್ಲಿ ಹೋಳಿಗೆಯ ಎಡೆ ಇಡುತ್ತಿದ್ದಳು. ಮಗುವಿಗೆ ಹೋಳಿಗೆಯೆಂದರೆ ಪ್ರಾಣ.

ಒಂದು ಬೇಸಿಗೆ ರೈತ ಹೊಲಕ್ಕೆ ಒಡ್ಡು ಹಾಕಿಸಲು ಹೊರಟ. ದಿಬ್ಬದ ಕಲ್ಲು ಕಣ್ಣಿಗೆ ಬಿತ್ತು. ಕೆಟ್ಟವನಲ್ಲ, ಪಾಪ. ಮಗಳ ಜಾಗದ ಮೇಲೆ ಗಾಡಿ ಹಾಯಬಾರದೆಂದು ಆಳುಗಳಿಗೆ ಮೊದಲೇ ತಾಕೀತು ಮಾಡಿದ. ಹನ್ನೆರಡು ಹೆಜ್ಜೆ ಬಾಯಿಪಾಠವಾಗಿತ್ತು, ಮರೆಯುವ ಮಾತೇ ಇರಲಿಲ್ಲ. ಗುಂಡುಗಳ ನಡುವೆ ಅಗೆದಾಗ ಒಂದು ಮಡಕೆ ಸಿಕ್ಕಿತು. ಒಳಗೆ ಸಣ್ಣ ಎಲುಬುಗಳು, ಎರಡು ಮಣಿ. ಯಾರದೋ ಮಗು. ಆಳುಗಳು ಅದನ್ನು ಒಡ್ಡಿನ ಮಣ್ಣಿಗೆ ಸುರಿದರು. ಗುಂಡುಗಳೆಲ್ಲ ಒಡ್ಡು ಸೇರಿ ದಿಬ್ಬ ನೆಲಸಮವಾಯಿತು. ಮಳೆ ಬಿತ್ತು, ಜೋಳ ಎದೆಮಟ್ಟ ಬೆಳೆಯಿತು.

ಅಮಾವಾಸ್ಯೆಯ ದಿನ ಹೆಂಡತಿ ಬುಟ್ಟಿ ಹೊತ್ತು ಬಂದಳು.

“ಎಲ್ಲಿಡಬೇಕ್ರಿ?”

“ಹನ್ನೆರಡು ಹೆಜ್ಜಿ,” ಎಂದ ರೈತ.

“ಎಲ್ಲಿಂದ?”

ಕಾಲೆತ್ತಿದವನು ಹಾಗೆಯೇ ನಿಂತ. ಆಮೇಲೆ ಅಲ್ಲಿಂದೊಮ್ಮೆ ಎಣಿಸಿದ, ಇಲ್ಲಿಂದೊಮ್ಮೆ ಎಣಿಸಿದ. ಹೊತ್ತು ಇಳಿಯುವವರೆಗೆ ಜೋಳ ತುಳಿದ. ಹೆತ್ತವಳ ಸಂಕಟ ಹೇಳತೀರದು. ಕೊನೆಗೆ ಅವಳು ಹೋಳಿಗೆಯನ್ನು ಒಡ್ಡಿನ ಮೇಲಿಟ್ಟು, ಗಂಡನ ಮುಖ ನೋಡದೆ ಮನೆಗೆ ನಡೆದಳು.

ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥಾ ದಡ್ಡ ಇದ್ದಾನ್ರಿ ಅಂವ!” ಎಂದ.

ಗುರುಗಳು ಕೇಳಿದರು: “ನಿಮ್ಮವ್ವನ್ನ ಮಣ್ಣು ಮಾಡಿದಾಗ ನೀ ಎಲ್ಲಿಂದ ಹೆಜ್ಜಿ ಎಣಿಸಿದ್ದೆಪಾ?”