ಪಾದಪೂಜೆಯ ಪರಾತಿಗಿಳಿದ ಚಂದ್ರಿ

ಪೂಜ್ಯ ಶ್ರೀ ಅಡವಯ್ಯ ಅಜ್ಜನವರು ಕಂಚಿನಹಾಳದಲ್ಲಿ ನೆಲೆಸಿದ್ದ ಕಾಲ. ಮಠವೆಂದರೆ ಗೋಪುರ, ಕಮಾನು ಎಂದುಕೊಳ್ಳಬೇಡಿ. ಎರಡಂಕಣದ ಮಣ್ಣಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಅಲ್ಲೊಂದು ಬೇವಿನ ಮರ. ಬಾಗಿಲಿಗೆ ಅಗುಳಿ ಕೂಡ ಇರಲಿಲ್ಲ. ಯಾರು ಬೇಕಾದರೂ ಏನನ್ನು ಬೇಕಾದರೂ ಎತ್ತಿಕೊಂಡು ಒಳಗೆ ಬರಬಹುದಿತ್ತು.

ಕಲ್ಮೇಶಪ್ಪನವರಿಗೆ ಸೇರದಿದ್ದುದು ಇದೇ. ಅವರು ಪಟ್ಟಣದ ಅರಳೆ ವ್ಯಾಪಾರಿ; ಮಡಿ ಮೈಲಿಗೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಗುರುಗಳಾದವರು ಹೀಗೆ ಸಿಕ್ಕಸಿಕ್ಕವರ ನಡುವೆ ಇರುವುದುಂಟೇ ಎಂದು ಆಡಿಕೊಳ್ಳುತ್ತಿದ್ದವರು, ಒಮ್ಮೆ ಕಣ್ಣಾರೆ ಪರೀಕ್ಷಿಸಿಯೇ ಬಿಡೋಣವೆಂದು ಮಾಘದ ಚಳಿಯ ಒಂದು ಮುಂಜಾನೆ ಪಾದಪೂಜೆಯ ನೆಪ ಹೂಡಿ ಬಂದರು. ಬರುವಾಗ ತಮ್ಮ ಮನೆಯದೇ ಹಿತ್ತಾಳೆಯ ಪರಾತು, ಅಂದರೆ ಅಂಚೆತ್ತಿದ ಅಗಲ ತಟ್ಟೆ, ತಂದರು. ಮಠದ ಹಂಡೆಯನ್ನು ತಾವೇ ಬೆಳಗಿ ನೀರು ಕಾಯಿಸಿ, ಹದವಾದ ಬಿಸಿಗೆ ತಂದು ಪರಾತಿಗೆ ಸುರಿದರು. ಇಸ್ತ್ರಿ ಮಾಡಿದ ಧೋತರಕ್ಕೆ ಒಂದು ಹನಿಯೂ ಸಿಡಿಯದ ಹಾಗೆ ಸುರಿದರು ಎಂಬುದನ್ನೂ ಹೇಳಲೇಬೇಕು.

ಅಜ್ಜನವರು ಮಣೆಯ ಮೇಲೆ ಕುಳಿತು, ಇನ್ನೇನು ಪಾದವನ್ನು ಪರಾತಿಗೆ ಇಳಿಸಬೇಕು, ಅಷ್ಟರಲ್ಲಿ ಅಂಗಳದಿಂದ ಒಂದು ಕೂಗು!

"ಯಪ್ಪಾ, ನನ್ನ ಚಂದ್ರಿ ಸಾಯಾಕತ್ತೈತ್ರಿ! ವಿಭೂತಿ ಕೊಡ್ರಿ ಯಪ್ಪಾ!"

ಕೂಗುತ್ತಲೇ ಒಳಗೆ ಬಂದವಳು ಊರಂಚಿನ ದುರಗವ್ವ. ಗಂಡ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಉಳಿದಿದ್ದ ಇನ್ನೊಂದು ಜೀವವೆಂದರೆ ಚಂದ್ರಿ ಎಂಬ ಈ ಕೆಂಪು ಕೋಳಿ. ಅವಳೊಂದಿಗೆ ಉಂಡು, ಅವಳ ಮಂಚದ ಕೆಳಗೇ ಮಲಗುವ ಕೋಳಿ. ಈಗ ಅವಳ ಸೆರಗಿನಲ್ಲಿ ಬಾಯಿ ತೆರೆದು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿತ್ತು. ಮೈಯೆಲ್ಲ ತೊಯ್ದಿತ್ತು.

"ನೀರಾಗ ಯಾಕ ಅದ್ದಿದಿ ತಂಗಿ?" ಎಂದರು ಅಜ್ಜನವರು.

"ಕಾವಿಗೆ ಕುಂತೈತಿ ಅಂತ ತಿಳಕೊಂಡ್ನಿರಿ. ಬಾನಿಯೊಳಗ ಅದ್ದಿದ್ನಿ. ಆಗಿಂದ ಹಿಂಗಾತ್ರಿ. ನಾನ ಕೊಂದ್ನೇನೋ ಯಪ್ಪಾ!"

ಕಾವಿಗೆ ಕುಳಿತ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಅದರ ಕಾವು ಬಿಡಿಸಲು ತಣ್ಣೀರಿನಲ್ಲಿ ಅದ್ದುವುದು ಆ ಕಡೆಯ ಹೆಂಗಸರ ರೂಢಿ. ಮೂಲೆ ಹಿಡಿದು ಕುಳಿತಿದ್ದ ಚಂದ್ರಿಯನ್ನು ಕಂಡು ದುರಗವ್ವನೂ ಹಾಗೆಯೇ ಮಾಡಿದ್ದಳು. ಅಜ್ಜನವರು ಕೋಳಿಯ ಹೊಟ್ಟೆಯ ಅಡಿಗೆ ಬೆರಳಿಟ್ಟು ಕಣ್ಣು ಮುಚ್ಚಿದರು. "ಕಾವಲ್ಲ. ತತ್ತಿ ಸಿಕ್ಕೊಂಡೈತಿ" ಎಂದವರೇ ಚಂದ್ರಿಯನ್ನು ಎತ್ತಿ ಪರಾತಿನ ನೀರಿಗೆ ಇಳಿಸಿಬಿಟ್ಟರು!

ಕಲ್ಮೇಶಪ್ಪನವರು ಹೌಹಾರಿ ಕೂಗಿದರು. "ಅಜ್ಜಾರ! ಅದು ಪಾದಪೂಜಿ ನೀರ್ರೀ!"

"ಹೌದಲ್ಲ, ಬೆಚ್ಚಗೈತಿ. ಬಾ, ನೀ ಹಿಡಿ. ತಂಗಿ ಕೈ ನಡಗಾಕತ್ತಾವು."

ಜನ್ಮದಲ್ಲಿ ಕೋಳಿ ಮುಟ್ಟದ ಮನುಷ್ಯ! ಬೇಡವೆನ್ನಲು ಬಾಯಿ ತೆರೆದರು. ಆದರೆ ಆ ಮಹಾತ್ಮರು ನೋಡುತ್ತಿದ್ದರು, ಕೈಗಳು ತಾವಾಗಿಯೇ ನೀರಿಗಿಳಿದವು. ಅಜ್ಜನವರು ದೀಪದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ತತ್ತಿ ಬರುವ ದಾರಿಗೆ ಮೆತ್ತಗೆ ಸವರಿದರು. "ಒತ್ತಬ್ಯಾಡ. ಒಳಗ ಒಡದ್ರ ಜೀವ ಹೋಗತೈತಿ. ಸುಮ್ನ ಹಿಡಕೊ" ಎಂದಷ್ಟೇ ಅಂದರು.

ಸುಮ್ಮನೆ ಹಿಡಿದುಕೊಳ್ಳುವುದು ಎಷ್ಟು ಕಷ್ಟ ನೋಡಿ! ನೀರು ಆರುತ್ತಿದ್ದಂತೆ ಅಜ್ಜನವರು ಹಂಡೆಯಿಂದ ಮೊಗೆದು ಬಿಸಿ ಬೆರೆಸುತ್ತಿದ್ದರು. ಚಂದ್ರಿಯ ಎದೆ ಕಲ್ಮೇಶಪ್ಪನವರ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಕಣ್ಣು ಮುಚ್ಚಿ, ಕೊರಳನ್ನು ಅವರ ಮುಂಗೈ ಮೇಲೆ ಚೆಲ್ಲಿಬಿಟ್ಟಿತು. ದುರಗವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಕಲ್ಮೇಶಪ್ಪನವರ ತುಟಿಗಳು ಅಲುಗತೊಡಗಿದವು. ಧೋತರ ತೊಯ್ದು ಮೊಣಕಾಲಿಗೆ ಅಂಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಚಂದ್ರಿ ಒಮ್ಮೆ ಮೈಯೆಲ್ಲ ಬಿಗಿ ಹಿಡಿದು ತಿಣುಕಿತು. ಮತ್ತೊಮ್ಮೆ ತಿಣುಕಿತು. ಪುಳಕ್ಕೆಂದು ಬೆಚ್ಚನೆಯ ತತ್ತಿಯೊಂದು ಕಲ್ಮೇಶಪ್ಪನವರ ಅಂಗೈಗೆ ಬಂದು ಕುಳಿತಿತು!

"ಬಂತು! ಬಂತ್ರೀ ಅಜ್ಜಾರ! ದುರಗವ್ವಾ, ಬಂತ ನೋಡು!"

ಹೀಗೆ ಹಿಗ್ಗಿ ಕೂಗಿದವರು ದುರಗವ್ವನಲ್ಲ, ಮಡಿವಂತ ಕಲ್ಮೇಶಪ್ಪನವರೇ! ಚಂದ್ರಿ ಕಣ್ಣು ಬಿಟ್ಟು, ರೆಕ್ಕೆ ಕೊಡವಿ, ಉಳಿದ ನೀರನ್ನೂ ಅವರ ಮುಖಕ್ಕೆ ಎರಚಿತು. ಅಜ್ಜನವರು ತಾವು ಹೊದ್ದಿದ್ದ ಶಾಲನ್ನು ತೆಗೆದು ಅದಕ್ಕೆ ಸುತ್ತಿ ದುರಗವ್ವನ ಮಡಿಲಿಗೆ ಕೊಟ್ಟರು. "ಒಲಿ ಮುಂದ ಕುಂತು ಆರಸು. ಇವತ್ತೊಂದಿನ ಯಾರೂ ಕಾಡಬ್ಯಾಡ್ರಿ" ಎಂದರು. ಆಮೇಲೆ ಕಲ್ಮೇಶಪ್ಪನವರತ್ತ ತಿರುಗಿದರು.

"ತುಟಿ ಅಲಗಸ್ತಿದ್ದಿಯಲ್ಲ, ಯಾವ ಮಂತ್ರ ಅಂದಿ ತಮ್ಮಾ?"

ಕಲ್ಮೇಶಪ್ಪನವರಿಗೆ ಬಾಯಿಪಾಠವಾಗಿದ್ದ ಅಷ್ಟೆಲ್ಲ ಮಂತ್ರಗಳಲ್ಲಿ ಒಂದೂ ಆಗ ಬಾಯಿಗೆ ಬಂದಿರಲಿಲ್ಲ. "ಮಂತ್ರ ನೆನಪಾಗಲಿಲ್ರಿ. ಬದುಕಲಿ, ಬದುಕಲಿ ಅಂದ್ನಿ, ಅಷ್ಟ. ಇಷ್ಟು ಪೂಜಿ ಮಾಡೇನಿ ಅಜ್ಜಾರ, ಇನ್ನೊಬ್ಬರ ಸಲುವಾಗಿ ಹಿಂಗ ಎಂದೂ ಬೇಡಿದಾಂವ ಅಲ್ರಿ."

"ಪಾದಪೂಜಿ ಮುಗೀತು. ಏಳು" ಎಂದರು ಅಜ್ಜನವರು.

ಕಲ್ಮೇಶಪ್ಪನವರು ಏಳಲಿಲ್ಲ. ಪರೀಕ್ಷೆ ಮಾಡಲು ಬಂದವರು ಅದೇ ಮಣ್ಣಿನ ಮನೆಯ ನೆಲಕ್ಕೆ ಹಣೆ ಹಚ್ಚಿ, ಅಜ್ಜನವರಿಗೂ ದುರಗವ್ವನಿಗೂ ಶಾಲಿನೊಳಗಿಂದ ಕೊರಳು ಚಾಚಿದ್ದ ಚಂದ್ರಿಗೂ ಸೇರಿಸಿ ಒಂದೇ ನಮಸ್ಕಾರ ಹಾಕಿದರು. ಹಾಕಿ, ಅಳುತ್ತಳುತ್ತಲೇ ನಕ್ಕುಬಿಟ್ಟರು.